ಬುಡ ಕೊಳೆತ ಬಳ್ಳಿಯನ್ನು ಉಳಿಸಬಹುದೇ?

ಸಸ್ಯರೋಗಗಳ ಬಗ್ಗೆ ನಾವು ಪ್ರಸಾರ ಮಾಡಿದ ಮಾತುಕತೆಯ ನಂತರ ಕಳಸದ ಕಡೆಯಿಂದ ಪಿ.ಯು.ಸಿ. ವಿದ್ಯಾರ್ಥಿನಿಯೊಬ್ಬಳ ಪತ್ರ ಬಂತು. ಆಕೆಯ ಮನೆಯ ಜಗಲಿಯ ಮೇಲೆ, ಕುಂಡದಲ್ಲಿ, ಒಂದು ಪೊದೆ ಮೆಣಸಿನ ಗಿಡವಿದೆ. ಅಜ್ಜಿ ನೆಟ್ಟದ್ದು. ತೋಟದಲ್ಲಿದ್ದ ಅದರ ತಾಯಿಬಳ್ಳಿ ಹಳೆಯ ಮಲ್ಲಿಗೆಸರ ಜಾತಿಯದು. 2019ರ ಆಗಸ್ಟ್ ತಿಂಗಳ ಭಾರೀ ಮಳೆಯಲ್ಲಿ ಅದು ಸೊರಗಿ ಸತ್ತಿತು. ಅಜ್ಜಿಯೂ ಈಗ ಇಲ್ಲ. ಉಳಿದಿರುವುದು ಜಗಲಿಯ ಈ ಕುಂಡವೊಂದೇ. ಒಂದು ವಾರದಿಂದ ಅದರ ಎಲೆಗಳು ಜೋಲುತ್ತಿವೆ, ಬುಡ ಕಪ್ಪಾಗಿದೆ. ಬಾಡುತ್ತಿದೆಯಲ್ಲಾ ಎಂದು ಆಕೆ ದಿನಕ್ಕೆರಡು ಬಾರಿ ನೀರು ಹಾಕುತ್ತಿದ್ದಾಳೆ. ಮೈಲುತುತ್ತು-ಸುಣ್ಣದ ದ್ರಾವಣ ಹೊಯ್ದರೆ ಉಳಿಯುತ್ತದೆಯೇ ಎಂಬುದು ಆಕೆಯ ಪ್ರಶ್ನೆ.

ಇಂಥದೇ ಪ್ರಶ್ನೆಗೆ ನಮ್ಮ ಅತಿಥಿ ವಿಜ್ಞಾನಿಗಳು ಅಂದಿನ ಕಾರ್ಯಕ್ರಮದಲ್ಲಿ ಸವಿಸ್ತಾರವಾಗಿಯೇ ಉತ್ತರಿಸಿದ್ದರು. ಸಮಯ ಸಾಲದೆಂದು ಅದನ್ನು ಒಂದೂವರೆ ನಿಮಿಷಕ್ಕೆ ಇಳಿಸಿದವನು ನಾನು. ಹಾಗೆ ಇಳಿಸುವಾಗ ಬಿದ್ದುಹೋದ ಮಾತುಗಳೇ ಈ ಹುಡುಗಿಗೆ ಬೇಕಾಗಿದ್ದವು. ಪತ್ರದಲ್ಲಿ ದೂರವಾಣಿ ಸಂಖ್ಯೆ ಇದ್ದುದರಿಂದ ಅಂದೇ ಕರೆ ಮಾಡಿದೆವು. ಅವಸರಕ್ಕೆ ಕಾರಣವಿತ್ತು. ಬುಡಕ್ಕೆ ಕೊಳೆ ತಗಲಿದ ಮೆಣಸಿನ ಬಳ್ಳಿ ಎರಡು ಮೂರು ವಾರಗಳಲ್ಲೇ ಸಾಯುತ್ತದೆ. ಆಕೆ ಆಗಲೇ ಒಂದು ವಾರ ಕಳೆದುಕೊಂಡಿದ್ದಳು, ಅಂಚೆಯಲ್ಲಿ ಮತ್ತೆ ನಾಲ್ಕು ದಿನ ಹೋಗಿತ್ತು. ದೂರವಾಣಿಯಲ್ಲಿ ಹೇಳಿದ್ದನ್ನೂ, ಅದರ ಹಿಂದಿನ ಕಾರಣಗಳನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು, ಆಕೆ ಮಾಡುತ್ತಿದ್ದ ತಪ್ಪು. ಅದು ನಾವೆಲ್ಲರೂ ಮಾಡುವ ತಪ್ಪೇ. ಎಲೆ ಬಾಡಿದರೆ ಗಿಡಕ್ಕೆ ಬಾಯಾರಿಕೆ ಎಂದುಕೊಳ್ಳುತ್ತೇವೆ. ಆದರೆ ನೀರಿನಲ್ಲೇ ನಿಂತ ಗಿಡವೂ ಬಾಡುತ್ತದೆ! ಬೇರು ನೀರನ್ನು ಹೀರುವುದಕ್ಕೆ ಶಕ್ತಿ ಬೇಕು, ಶಕ್ತಿಗೆ ಉಸಿರಾಟ ಬೇಕು, ಉಸಿರಾಟಕ್ಕೆ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವೆ ಗಾಳಿ ಇದ್ದಾಗ ಆಮ್ಲಜನಕ ಸುಲಭವಾಗಿ ಬೇರಿಗೆ ತಲುಪುತ್ತದೆ. ಆ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಅದೇ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೇರು ಉಸಿರುಗಟ್ಟುತ್ತದೆ, ಹೀರುವ ಕೆಲಸ ನಿಲ್ಲುತ್ತದೆ, ಎಲೆ ಜೋಲುತ್ತದೆ. ಅದನ್ನು ನೋಡಿ ನಾವು ಮತ್ತೆ ನೀರು ಹೊಯ್ಯುತ್ತೇವೆ.

ಹಾಗಾದರೆ ಬಾಯಾರಿಕೆಗೂ ಕೊಳೆಗೂ ವ್ಯತ್ಯಾಸ ತಿಳಿಯುವುದು ಹೇಗೆ? ಕಣ್ಣಿಗಿಂತ ಬೆರಳು ಇಲ್ಲಿ ಒಳ್ಳೆಯ ಉಪಕರಣ. ಬೆರಳನ್ನು ಎರಡು ಗೆಣ್ಣಿನಷ್ಟು ಆಳ ಮಣ್ಣಿಗೆ ಇಳಿಸಿ. ಮಣ್ಣು ಒದ್ದೆಯಾಗಿದ್ದೂ ಎಲೆ ಬಾಡಿದ್ದರೆ ಅದು ಬಾಯಾರಿಕೆಯಲ್ಲ. ನಂತರ ಕಾಂಡವನ್ನು ಮಣ್ಣಿನ ಮಟ್ಟದಲ್ಲಿ ಮೆಲ್ಲನೆ ಒತ್ತಿ. ಗಟ್ಟಿಯಾಗಿರಬೇಕಾದ ಕಾಂಡ ಮೆತ್ತಗಾಗಿದೆಯೇ? ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆಯಿರಿ. ಒಳಗೆ ಹಸಿರು ಕಂಡರೆ ಜೀವವಿದೆ, ಕಂದು ಕಂಡರೆ ಇಲ್ಲ. ಮೂಗನ್ನೂ ಬಳಸಿ. ಕೊಳೆತ ತರಕಾರಿಯಂಥ ದುರ್ವಾಸನೆ ಬಂದರೆ ಬ್ಯಾಕ್ಟೀರಿಯಾಗಳು ಸೇರಿಕೊಂಡಿರುವ ಸಾಧ್ಯತೆ ಹೆಚ್ಚು. ಬುಡದ ಸುತ್ತ ಬಿಳಿಯ ನೂಲಿನಂಥ ಎಳೆಗಳೂ ಅವುಗಳ ನಡುವೆ ಸಾಸಿವೆಯಂಥ ಕಾಳುಗಳೂ ಕಂಡರೆ ಅದು ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ. ನಮ್ಮ ವಿದ್ಯಾರ್ಥಿನಿ ಹೇಳಿದ ಲಕ್ಷಣಗಳು ಬೇರೆ. ಬುಡದಲ್ಲಿ ನೀರು ಹೀರಿದಂಥ ಕಪ್ಪು ಕಲೆ, ಒಂದೊಂದಾಗಿ ಉದುರುತ್ತಿರುವ ಎಲೆಗಳು. ಮೆಣಸು ಬೆಳೆಯುವ ಮಲೆನಾಡಿಗರಿಗೆ ಇದು ಗೊತ್ತಿರುವ ಶತ್ರು. ಶೀಘ್ರ ಸೊರಗು ರೋಗ ಎನ್ನುತ್ತಾರೆ. ಇದನ್ನು ತರುವ ಜೀವಿಯ ಹೆಸರು ಫೈಟಾಫ್ತೊರಾ ಕ್ಯಾಪ್ಸಿಸಿ.

ಈ ಹೆಸರಿನಲ್ಲೊಂದು ತಮಾಷೆ ಇದೆ. ಫೈಟಾಫ್ತೊರಾ ಎಂದರೆ ಗ್ರೀಕ್ ಭಾಷೆಯಲ್ಲಿ ಸಸ್ಯನಾಶಕ. ಕ್ಯಾಪ್ಸಿಸಿ ಎಂಬುದು ಮೆಣಸಿನಕಾಯಿಯ ಕುಲನಾಮದಿಂದ ಬಂದದ್ದು, ಏಕೆಂದರೆ ಇದನ್ನು 1922ರಲ್ಲಿ ಮೊದಲು ವರ್ಣಿಸಿದ್ದು ಅಮೆರಿಕದ ಮೆಣಸಿನಕಾಯಿ ಗಿಡಗಳ ಮೇಲೆ. ಮೆಣಸಿನಕಾಯಿಗೂ ಕಾಳುಮೆಣಸಿಗೂ ಸಸ್ಯಶಾಸ್ತ್ರದಲ್ಲಿ ಯಾವ ನಂಟೂ ಇಲ್ಲ, ಹತ್ತಿರದ ಹೆಸರು ಕೊಟ್ಟವರು ನಾವು ಕನ್ನಡಿಗರು. ಈ ಜೀವಿ ಮಾತ್ರ ಎರಡನ್ನೂ ಬಿಡುವುದಿಲ್ಲ.

ಅದನ್ನು ಜೀವಿ ಎಂದೆ, ಶಿಲೀಂಧ್ರ ಎನ್ನಲಿಲ್ಲ. ನೋಡುವುದಕ್ಕೆ ಶಿಲೀಂಧ್ರದಂತೆಯೇ ಎಳೆ ಎಳೆಯಾಗಿ ಬೆಳೆಯುತ್ತದೆ, ಹಳೆಯ ಪಠ್ಯಪುಸ್ತಕಗಳು ಅದನ್ನು ಆ ಗುಂಪಿನಲ್ಲೇ ಇಟ್ಟಿದ್ದವು. ಆದರೆ ನಿಜವಾದ ಶಿಲೀಂಧ್ರಗಳ ಕೋಶಭಿತ್ತಿ ಮುಖ್ಯವಾಗಿ ಕೈಟಿನ್‌ನಿಂದ ಆಗಿದ್ದರೆ ಇದರದು ಸೆಲ್ಯುಲೋಸ್ ಮತ್ತು ಗ್ಲೂಕಾನ್‌ಗಳಿಂದ ಆದದ್ದು. ವಂಶವೃಕ್ಷದಲ್ಲಿ ಇದಕ್ಕೆ ನಾಯಿಕೊಡೆಗಿಂತ ಸಮುದ್ರದ ಕಂದು ಪಾಚಿಯೇ ಹತ್ತಿರದ ನೆಂಟ. ಈ ನೀರಿನ ನೆಂಟಸ್ತಿಕೆ ಅದರ ಬದುಕಿನಲ್ಲಿ ಎದ್ದು ಕಾಣುತ್ತದೆ. ತೇವ ಸಿಕ್ಕಾಗ ಅದು ಚಲಿಸುವ ಸ್ಪೋರುಗಳನ್ನು ಬಿಡುಗಡೆ ಮಾಡುತ್ತದೆ. ಒಂದೊಂದಕ್ಕೂ ಎರಡೆರಡು ಕಶಾಂಗಗಳು. ಮಣ್ಣಿನ ಕಣಗಳ ನಡುವಿನ ತೆಳುವಾದ ನೀರಿನ ಪದರದಲ್ಲಿ ಅವು ಈಜುತ್ತವೆ, ಬೇರು ಹೊರಸೂಸುವ ಸಕ್ಕರೆ ಮತ್ತು ಅಮೈನೋ ಆಮ್ಲಗಳ ಜಾಡು ಹಿಡಿದು ಬರುತ್ತವೆ. ಬೇರನ್ನೋ ಬುಡವನ್ನೋ ಮುಟ್ಟಿದೊಡನೆ ಕಶಾಂಗಗಳನ್ನು ಕಳಚಿ ಅಂಟಿಕೊಂಡು ಒಳಕ್ಕೆ ಎಳೆ ಬಿಡುತ್ತವೆ. ಮೂಡಿಗೆರೆ, ಕಳಸದ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಪುನರ್ವಸು, ಪುಷ್ಯ ಮಳೆಗಳು, ಬಿಸಿಲಿಲ್ಲದ ದಿನಗಳು, ತಂಪು ಹವೆ, ಒಣಗಲು ಪುರುಸೊತ್ತಿಲ್ಲದ ಮಣ್ಣು. ಈಜುಗಾರನಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇಕೆ?

ಮಲೆನಾಡು ಈ ವಂಶವನ್ನು ಬಹಳ ಹಿಂದಿನಿಂದಲೂ ಬಲ್ಲದು. ಅಡಿಕೆಯ ಕೊಳೆರೋಗವೂ ಫೈಟಾಫ್ತೊರಾ ಕುಲದ್ದೇ ಕೆಲಸ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅದನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು, ಬೋರ್ಡೋ ದ್ರಾವಣ ಸಿಂಪಡಿಸಿ ತಡೆಯಬಹುದೆಂದು ತೋರಿಸಿದರು. ಅದಕ್ಕೂ ಮೊದಲು ನಮ್ಮ ಬೆಳೆಗಾರರು ಸುಮ್ಮನೆ ಕುಳಿತಿರಲಿಲ್ಲ. ಮಳೆಗೆ ಮುಂಚೆ ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ರೋಗಾಣುವಿನ ವಿಷಯ ಯಾರಿಗೂ ತಿಳಿಯದಿದ್ದ ಕಾಲದಲ್ಲೂ, ಕೊಳೆ ಮಳೆಹನಿಯ ಜೊತೆಗೇ ಬರುತ್ತದೆಂಬುದನ್ನು ಅವರು ಗಮನಿಸಿದ್ದರು. ಕಾಫಿಗೂ ಒಂದು ಕೊಳೆರೋಗವಿದೆ. ಎಲೆಗಳು ಕಪ್ಪಾಗಿ ಕೊಳೆತು, ಶಿಲೀಂಧ್ರದ ಎಳೆಗಳಿಂದಲೇ ಕೊಂಬೆಗೆ ನೇತಾಡುತ್ತಿರುತ್ತವೆ. ಇದನ್ನು ತರುವುದು ಬೇರೊಂದು, ನಿಜವಾದ ಶಿಲೀಂಧ್ರ. ಮೈಸೂರು ಸೀಮೆಯ ಕಾಫಿ ಎಲೆಗಳ ಮೇಲಿದ್ದ ಅದಕ್ಕೆ 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಅವರು ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟರು. ನಮ್ಮ ತೋಟದಾಳುಗಳ ಮಾತು ಹೀಗೆ ಲ್ಯಾಟಿನ್ ನಾಮಾವಳಿಗೆ ಸೇರಿತು, ಕೊಳೆರೋಗ ಎಂಬುದೇ ಮುಂದೆ ಒಂದು ಕುಲನಾಮವೂ ಆಯಿತು. ಸಸ್ಯಶಾಸ್ತ್ರ ಓದುವವರು ಈ ಹೆಸರನ್ನು ಎಲ್ಲಾದರೂ ಕಂಡರೆ ಅದು ಅಚ್ಚಿನ ತಪ್ಪಲ್ಲ.

ಇನ್ನು ಮೈಲುತುತ್ತು-ಸುಣ್ಣದ ಮಾತು. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಈ ನೀಲಿ ಮಿಶ್ರಣ ಎರಚುತ್ತಿದ್ದರು. ರೋಗ ಬಂದ ವರ್ಷ ಆ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದದ್ದನ್ನು ಮಿಯಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ, ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದರು. ಆ ದ್ರಾವಣ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ. ಎಲೆ ಕಾಂಡಗಳ ಮೇಲೆ ಅದು ತಾಮ್ರದ ಒಂದು ತೆಳು ಪದರ ಬಿಡುತ್ತದೆ. ಹೊರಗಿನಿಂದ ಬಂದು ಮೊಳೆಯಲು ಹೊರಟ ಸ್ಪೋರನ್ನು ಆ ತಾಮ್ರ ಕೊಲ್ಲುತ್ತದೆ. ಈಗಾಗಲೇ ಕಾಂಡದೊಳಗೆ ಸೇರಿದ ಎಳೆಯನ್ನು ಅದು ಮುಟ್ಟುವುದೇ ಇಲ್ಲ. ಬಾಗಿಲಿಗೆ ಬೀಗ ಹಾಕಬಹುದು, ಆದರೆ ಕಳ್ಳ ಒಳಗಿದ್ದಾನೆ. ಪೊಟ್ಯಾಸಿಯಂ ಫಾಸ್ಫೊನೇಟಿನಂಥ, ಗಿಡದ ರಸದಲ್ಲಿ ಸೇರಿ ಚಲಿಸುವ ಔಷಧಿಗಳೂ ತೋಟಗಳಲ್ಲಿ ಬಳಕೆಯಲ್ಲಿವೆ. ಅವು ರೋಗದ ಮೊದಲ ಹಂತದಲ್ಲಿ ನೆರವಾಗಬಹುದು. ಆದರೆ ಬುಡದ ಸುತ್ತಲೂ ಕೊಳೆತು ಮೆತ್ತಗಾದ ಕಾಂಡವನ್ನು ಯಾವ ಔಷಧಿಯೂ ಮತ್ತೆ ಗಟ್ಟಿ ಮಾಡಲಾರದು. ಸತ್ತ ಕೋಶ ಸತ್ತಂತೆಯೇ.

ಆದ್ದರಿಂದ ಉತ್ತರ ಹೀಗೆ: ಈ ಬುಡ ಉಳಿಯುವುದಿಲ್ಲ, ಗಿಡ ಉಳಿಯಬಹುದು. ಇದನ್ನು ದೂರವಾಣಿಯಲ್ಲಿ ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಅಜ್ಜಿ ನೆಟ್ಟ ಗಿಡವನ್ನು ಕತ್ತರಿಸಿ ಎಂದು ಯಾರೋ ಹೇಳಿದರೆ ಒಪ್ಪುವುದು ಸುಲಭವಲ್ಲ. ಪ್ರಾಣಿಗೂ ಸಸ್ಯಕ್ಕೂ ಇರುವ ದೊಡ್ಡ ವ್ಯತ್ಯಾಸವನ್ನು ಆಕೆಗೆ ನೆನಪಿಸಬೇಕಾಯಿತು. ಬಳ್ಳಿಯ ಪ್ರತಿಯೊಂದು ಗೆಣ್ಣಿನಲ್ಲೂ ಹೊಸ ಚಿಗುರೂ ಹೊಸ ಬೇರೂ ಹುಟ್ಟುವ ಸಾಮರ್ಥ್ಯವಿದೆ. ಅಜ್ಜಿ ಆ ಗಿಡವನ್ನು ಮಾಡಿದ್ದೂ ತಾಯಿಬಳ್ಳಿಯ ಒಂದು ತುಂಡಿನಿಂದಲೇ. ಜಗಲಿಯ ಗಿಡ ತಾಯಿಬಳ್ಳಿಯ ಮಗಳಲ್ಲ, ಅನುವಂಶಿಕವಾಗಿ ಅದೇ ಬಳ್ಳಿ. ಅದರಿಂದ ತೆಗೆದ ತುಂಡೂ ಅದೇ.

ಮಾಡಬೇಕಾದ ಕೆಲಸವನ್ನು ಈಗ ನೋಡೋಣ. ಹರಿತವಾದ ಹೊಸ ಬ್ಲೇಡು, ಸ್ವಲ್ಪ ಸ್ಪಿರಿಟ್, ಹತ್ತಿ ಸಿದ್ಧವಿರಲಿ. ಕೊಳೆತ ಭಾಗದಿಂದ ಸಾಕಷ್ಟು ಮೇಲೆ ಕಾಂಡವನ್ನು ಕತ್ತರಿಸಿ, ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ನಡುವೆಯಾಗಲಿ ಅಂಚಿನಲ್ಲಾಗಲಿ ಕಂದು ಚುಕ್ಕೆ, ಕಂದು ಉಂಗುರ ಕಂಡರೆ ರೋಗ ಅಲ್ಲಿಗೂ ಏರಿದೆ ಎಂದರ್ಥ. ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ, ಇನ್ನೊಂದು ಗೆಣ್ಣು ಮೇಲೆ ಕತ್ತರಿಸಿ. ಮುಖ ಪೂರ್ತಿ ಶುಭ್ರವಾಗಿ, ಹಸಿರು-ಬಿಳುಪಾಗಿ ಕಾಣುವವರೆಗೂ ಹೀಗೆಯೇ ಮುಂದುವರಿಯಬೇಕು. ಒಂದೊಂದು ಕತ್ತರಿಕೆಯ ನಂತರವೂ ಒರೆಸುವುದನ್ನು ಮರೆಯಬಾರದು. ಈ ಒಂದು ಹೆಜ್ಜೆಯನ್ನು ಮರೆತು ನಾನು ಹಿಂದೊಮ್ಮೆ ಮನೆಯಲ್ಲಿದ್ದ ಆಂಥೂರಿಯಂ ಗಿಡವನ್ನು ಕಳೆದುಕೊಂಡಿದ್ದೇನೆ. ಕೊಳೆಯನ್ನು ನಾನೇ ಬ್ಲೇಡಿನ ತುದಿಯಲ್ಲಿ ಹೊತ್ತು ಆರೋಗ್ಯವಾಗಿದ್ದ ಕಾಂಡಕ್ಕೆ ತಲುಪಿಸಿದ್ದೆ. ವಿಜ್ಞಾನ ಪದವೀಧರನೆಂಬುದು ಅಂದು ಯಾವ ಉಪಯೋಗಕ್ಕೂ ಬರಲಿಲ್ಲ.

ಉಳಿದ ಆರೋಗ್ಯವಂತ ಭಾಗದಿಂದ ಮೂರರಿಂದ ಐದು ಗೆಣ್ಣುಗಳ ತುಂಡುಗಳನ್ನು ಮಾಡಿಕೊಳ್ಳಿ. ಕೆಳಗಿನ ಎಲೆಗಳನ್ನು ತೆಗೆದುಹಾಕಿ, ಮೇಲಿನ ಒಂದೆರಡನ್ನು ಅರ್ಧಕ್ಕೆ ಕತ್ತರಿಸಿ. ಬೇರಿಲ್ಲದ ತುಂಡಿಗೆ ನೀರಿನ ಖರ್ಚು ಕಡಿಮೆಯಾಗಬೇಕು, ಆದರೆ ಆಹಾರ ತಯಾರಿಸುವ ಹಸಿರು ಸ್ವಲ್ಪವಾದರೂ ಇರಬೇಕು. ತುದಿಯ ಎಳೆಯ ಭಾಗದಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಮುಖವಾಗಿ ಸಾಗಿ ಕತ್ತರಿಸಿದ ತುದಿಯಲ್ಲಿ ಸಂಗ್ರಹವಾಗುತ್ತದೆ, ಅಲ್ಲಿಂದ ಬೇರು ಹೊರಡಿಸುವುದು ಅದೇ. ತುಂಡನ್ನು ತಲೆಕೆಳಗಾಗಿ ನೆಟ್ಟರೆ ಬೇರು ಬರದಿರುವುದಕ್ಕೆ ಇದು ಕಾರಣ. ನರ್ಸರಿಗಳಲ್ಲಿ ಬಳಸುವ ಬೇರು ಬರಿಸುವ ಪುಡಿ ಆಕ್ಸಿನ್‌ನ ಕೃತಕ ರೂಪ. ಸಿಕ್ಕಿದರೆ ಒಳ್ಳೆಯದು. ತುಂಡುಗಳನ್ನು ಹೊಸ ಮರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ ಊರಿ, ಮೇಲೆ ಪಾಲಿಥೀನ್ ಚೀಲ ಮುಚ್ಚಿ, ನೆರಳಿನಲ್ಲಿಡಿ. ಮಾಧ್ಯಮ ತೇವವಾಗಿರಲಿ, ಹಿಂಡಿದರೆ ನೀರು ಸುರಿಯುವಂತಿರಬಾರದು. ಸುಮಾರು 30ರಿಂದ 40 ದಿನಗಳು ಕಾಯಬೇಕು. ನಡುನಡುವೆ ಕಿತ್ತು ನೋಡುವ ಆಸೆಯನ್ನು ತಡೆದುಕೊಳ್ಳಬೇಕು, ಇದು ಹದಿಹರೆಯದವರಿಗೆ ಮಾತ್ರವಲ್ಲ, ನನ್ನಂಥವರಿಗೂ ಕಷ್ಟವೇ. ಮನಿಪ್ಲಾಂಟ್ ಆದರೆ ಇಷ್ಟೆಲ್ಲ ಬೇಡ. ಆರೋಗ್ಯವಾಗಿರುವ ಒಂದು ಗೆಣ್ಣು ನೀರಿನ ಸೀಸೆಯಲ್ಲಿದ್ದರೂ ಬೇರು ಬಿಡುತ್ತದೆ. ಅದರ ರಸ ಚರ್ಮಕ್ಕೆ ತುರಿಕೆ ತರಬಹುದು, ಕೈ ತೊಳೆದುಕೊಳ್ಳಿ.

ಪೊದೆ ಮೆಣಸಿನಲ್ಲಿ ಮಾತ್ರ ಇನ್ನೊಂದು ಸ್ವಾರಸ್ಯವಿದೆ. ಹಾಲವಾಣಕ್ಕೋ ಸಿಲ್ವರ್ ಓಕ್‌ಗೋ ಹಬ್ಬಿದ ಮೆಣಸಿನ ಬಳ್ಳಿಯಲ್ಲಿ ಮೇಲಕ್ಕೆ ಏರುವ ಕಾಂಡ ಬೇರೆ, ಪಕ್ಕಕ್ಕೆ ಚಾಚಿ ಗೊಂಚಲು ಬಿಡುವ ಅಡ್ಡ ರೆಂಬೆ ಬೇರೆ. ಅಡ್ಡ ರೆಂಬೆಯ ತುಂಡನ್ನು ನೆಟ್ಟರೆ ಅದು ಮರ ಹತ್ತುವುದನ್ನು ಮರೆತು ಪೊದೆಯಾಗಿಯೇ ಬೆಳೆದು ಕಾಯಿ ಬಿಡುತ್ತದೆ. ಎರಡರ ಕೋಶಗಳಲ್ಲೂ ಇರುವ ಅನುವಂಶಿಕ ಮಾಹಿತಿ ಒಂದೇ, ಆದರೂ ರೆಂಬೆ ತನ್ನ ಅಭ್ಯಾಸವನ್ನು ಬಿಡುವುದಿಲ್ಲ. ಕಾಫಿ ತೋಟದ ಮಕ್ಕಳಿಗೆ ಇದು ಹೊಸದಲ್ಲ. ಕಾಫಿಯಲ್ಲೂ ನೆಟ್ಟಗೆ ಬೆಳೆಯುವ ಗಿಡ ಬೇಕಾದರೆ ಕಂಬಚಿಗುರಿನ ತುಂಡೇ ಆಗಬೇಕು. ಅಡ್ಡ ರೆಂಬೆಯ ತುಂಡು ನೆಲದ ಮೇಲೆ ಹರಡಿಕೊಳ್ಳುತ್ತದೆ. ಮೆಣಸಿನಲ್ಲಿ ಏರುಬಳ್ಳಿಯ ತುಂಡು ಬೇಗ ಬೇರು ಬಿಡುತ್ತದೆ, ಅಡ್ಡ ರೆಂಬೆ ಸತಾಯಿಸುತ್ತದೆ. ಹಾಗಾಗಿ ಸಾಧ್ಯವಾದಷ್ಟು ಹೆಚ್ಚು ತುಂಡುಗಳನ್ನು ಇಡುವುದು ಜಾಣತನ.

ಹಳೆಯ ಕುಂಡದ ಮಣ್ಣನ್ನು ಏನು ಮಾಡಬೇಕು? ಇಲ್ಲಿ ಮಲೆನಾಡಿನ ಮನೆಗಳಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕುಂಡದ ಮಣ್ಣನ್ನು ಹಿತ್ತಿಲಿನ ಮೆಣಸಿನ ಬಳ್ಳಿಯ ಬುಡಕ್ಕೆ ಸುರಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಗಿಡ ಸತ್ತರೂ ರೋಗಾಣುವಿನ ದಪ್ಪ ಗೋಡೆಯ ಸ್ಪೋರುಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾದು ಕುಳಿತಿರುತ್ತವೆ. ಕೊಳೆತ ಬುಡ ಬೇರುಗಳನ್ನು ಸುಡಬೇಕು. ಮಣ್ಣನ್ನು ತೋಟದಿಂದ ದೂರ ಹಾಕಬೇಕು, ಇಲ್ಲವೇ ಬೇಸಿಗೆಯಲ್ಲಿ ಒದ್ದೆ ಮಾಡಿ ಪಾರದರ್ಶಕ ಪಾಲಿಥೀನ್ ಹೊದಿಸಿ ನಾಲ್ಕಾರು ವಾರ ಬಿಸಿಲಿಗೆ ಬೇಯಿಸಬೇಕು. ಕುಂಡವನ್ನು ಚೆನ್ನಾಗಿ ಉಜ್ಜಿ, ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿ.

ಕುಂಡದ ತಳಕ್ಕೆ ಹೆಂಚಿನ ಚೂರು, ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆಯನ್ನೂ ಇಲ್ಲೇ ಪರೀಕ್ಷಿಸೋಣ. ಪಾತ್ರೆ ತೊಳೆಯುವ ಆಯತಾಕಾರದ ಸ್ಪಂಜೊಂದನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಅಡ್ಡಲಾಗಿ ಹಿಡಿದುಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ತೊಟ್ಟಿಕ್ಕುವುದು ನಿಲ್ಲುತ್ತದೆ. ಈಗ ಹಿಂಡದೆ, ಉದ್ದಕ್ಕೆ ನೇರವಾಗಿ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜೂ ಅದೇ, ನೀರೂ ಅದೇ. ಸಣ್ಣ ರಂಧ್ರಗಳ ಲೋಮನಾಳ ಆಕರ್ಷಣೆ ಗುರುತ್ವಕ್ಕೆ ಎದುರಾಗಿ ತಳದಲ್ಲಿ ಒಂದು ನಿರ್ದಿಷ್ಟ ಎತ್ತರದವರೆಗೆ ನೀರನ್ನು ಹಿಡಿದಿಡುತ್ತದೆ. ಸ್ಪಂಜು ಎತ್ತರವಾದಾಗ ಆ ಎತ್ತರಕ್ಕಿಂತ ಮೇಲಿನ ಭಾಗ ಬರಿದಾಗುತ್ತದೆ. ಕುಂಡದ ಮಣ್ಣಿನಲ್ಲೂ ಹೀಗೆಯೇ. ತಳದ ಮಣ್ಣು ಸದಾ ನೀರಿನಿಂದ ತುಂಬಿಯೇ ಇರುತ್ತದೆ. ಅಡಿಯಲ್ಲಿ ಜಲ್ಲಿ ಹಾಕಿದರೆ ನೀರು ಮಣ್ಣಿನ ಸಣ್ಣ ರಂಧ್ರಗಳನ್ನು ಬಿಟ್ಟು ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಇಳಿಯುವುದಿಲ್ಲ. ಆ ಒದ್ದೆ ಪದರ ಜಲ್ಲಿಯ ಮೇಲೆ, ಅಂದರೆ ಬೇರಿಗೆ ಇನ್ನಷ್ಟು ಹತ್ತಿರ ಬಂದು ನಿಲ್ಲುತ್ತದೆ. ರಂಧ್ರ ಮುಚ್ಚಿಹೋಗದಂತೆ ಒಂದು ಬಿಲ್ಲೆ ಇಟ್ಟರೆ ಸಾಕು. ಜಲ್ಲಿಯ ಬದಲು ಎತ್ತರದ ಕುಂಡವನ್ನು ಆರಿಸಿ, ಮಣ್ಣಿಗೇ ದಪ್ಪ ಮರಳು ಮತ್ತು ನಾರಿನ ಪುಡಿ ಬೆರೆಸಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಮಳೆಗಾಲದಲ್ಲಿ ಸೂರಿನ ಹನಿ ಬೀಳುವ ಜಾಗದಿಂದ ಒಳಕ್ಕೆ ಸರಿಸಿಡಿ.

ಬೋರ್ಡೋ ದ್ರಾವಣಕ್ಕೆ ಈಗ ಕೆಲಸ ಬಂತು, ಬೇರು ಬಂದ ಹೊಸ ಗಿಡವನ್ನು ಕಾಯುವುದಕ್ಕೆ. ಶೇಕಡಾ 1ರ ದ್ರಾವಣವೆಂದರೆ ಒಂದು ಲೀಟರಿಗೆ 10 ಗ್ರಾಂ ಮೈಲುತುತ್ತು, 10 ಗ್ರಾಂ ಸುಣ್ಣ. ಅರ್ಧರ್ಧ ಲೀಟರು ನೀರಿನಲ್ಲಿ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಗಳಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಹೊಳೆಯುವ ಕಬ್ಬಿಣದ ಮೊಳೆಯನ್ನು ಅದರಲ್ಲಿ ಅದ್ದಿ ನೋಡಿ. ಕೆಂಪು ಲೇಪ ಬಂದರೆ ತಾಮ್ರ ಇನ್ನೂ ಬಿಡಿಯಾಗಿದೆ, ಕಬ್ಬಿಣ ಅದನ್ನು ಸ್ಥಾನಪಲ್ಲಟ ಮಾಡುತ್ತಿದೆ. ಆಗ ಇನ್ನಷ್ಟು ಸುಣ್ಣ ಬೇಕು. ಪ್ರಯೋಗಾಲಯದಲ್ಲಿ ನೀವು ಮಾಡುವ ಪರೀಕ್ಷೆಯೇ ಇದು, ಮಲೆನಾಡಿನ ಅಡಿಕೆ ಬೆಳೆಗಾರರು ಪುಸ್ತಕವಿಲ್ಲದೆ ಮಾಡುತ್ತಾರೆ. ದ್ರಾವಣವನ್ನು ಅಂದೇ ಬಳಸಿ ಮುಗಿಸಬೇಕು. ಮೈಲುತುತ್ತು ವಿಷ. ಮನೆಯ ಹಿರಿಯರ ಎದುರಿನಲ್ಲೇ ಈ ಕೆಲಸ ಮಾಡಿ. ಮುಂಗಾರಿಗೆ ಮೊದಲು ಒಮ್ಮೆ, ಆಗಸ್ಟ್ ಹೊತ್ತಿಗೆ ಮಳೆ ಬಿಡುವು ಕೊಟ್ಟಾಗ ಮತ್ತೊಮ್ಮೆ ಸಿಂಪಡಿಸುವುದು ವಾಡಿಕೆ. ಮಣ್ಣಿಗೆ ಟ್ರೈಕೊಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಗೊಬ್ಬರದೊಡನೆ ಬೆರೆಸಿ ಹಾಕುವುದೂ ಉಂಟು. ಆದರೆ ಅದನ್ನೂ ತಾಮ್ರವನ್ನೂ ಒಟ್ಟಿಗೆ ಹಾಕಬೇಡಿ, ತಾಮ್ರಕ್ಕೆ ಮಿತ್ರ ಶತ್ರುಗಳ ಭೇದ ತಿಳಿಯದು.

ದಕ್ಷಿಣ ಅಮೆರಿಕದ ಪೈಪರ್ ಕೊಲುಬ್ರೈನಂ ಎಂಬ ಕಾಡುಮೆಣಸಿನ ಬೇರಿಗೆ ಈ ರೋಗ ತಗಲುವುದಿಲ್ಲ. ನೀರು ನಿಂತರೂ ಅದು ತಾಳಿಕೊಳ್ಳುತ್ತದೆ. ಅದರ ಬುಡಕ್ಕೆ ನಮ್ಮ ಮೆಣಸನ್ನು ಕಸಿ ಕಟ್ಟಿದ ಕುಂಡದ ಗಿಡಗಳು ನರ್ಸರಿಗಳಲ್ಲಿ ಸಿಗುತ್ತವೆ. ಹೊಸದಾಗಿ ಗಿಡ ತರುವವರಿಗೆ ಒಳ್ಳೆಯ ದಾರಿ, ಆದರೆ ಅಜ್ಜಿಯ ಬಳ್ಳಿಯನ್ನು ಹಾಗೆ ಉಳಿಸಿಕೊಳ್ಳಬೇಕಾದರೂ ಮೊದಲು ಆರೋಗ್ಯವಾದ ಒಂದು ರೆಂಬೆ ಕೈಯಲ್ಲಿರಬೇಕು.

ಕಳಸದ ವಿದ್ಯಾರ್ಥಿನಿ ಅಂದು ಸಂಜೆಯೇ ಕತ್ತರಿಸಿದಳಂತೆ. ಮುಖ್ಯ ಕಾಂಡ ಪೂರ್ತಿ ಕಂದಾಗಿತ್ತು. ರೆಂಬೆಗಳಿಂದ ಏಳು ತುಂಡುಗಳು ಸಿಕ್ಕವು. ಅವುಗಳಲ್ಲಿ ಒಂದು, ಪೊದೆಯ ನಡುವಿನಿಂದ ಹೇಗೋ ಎದ್ದಿದ್ದ ಏರುಬಳ್ಳಿಯ ಚಿಗುರು. ಎರಡನೆಯ ವಾರದಲ್ಲಿ ಮೂರು ತುಂಡುಗಳು ಕಪ್ಪಾದವು, ನಂತರ ಇನ್ನೆರಡು ಒಣಗಿದವು. ಸೆಪ್ಟೆಂಬರ್ ಕೊನೆಯಲ್ಲಿ ಆಕೆಯ ಎರಡನೆಯ ಪತ್ರ ಬಂತು. ಏರುಬಳ್ಳಿಯ ತುಂಡು ಬೇರು ಬಿಟ್ಟು ನಾಲ್ಕು ಎಲೆ ತೆಗೆದಿದೆ, ಅಡ್ಡ ರೆಂಬೆಯ ಒಂದೇ ಒಂದು ತುಂಡಿನಲ್ಲಿ ಹೊಸ ಚಿಗುರು ಕಂಡಿದೆ. ಮೊದಲನೆಯದನ್ನು ಮುಂದಿನ ಮುಂಗಾರಿನಲ್ಲಿ ತಾಯಿಬಳ್ಳಿಯಿದ್ದ ಹಾಲವಾಣದ ಬುಡದಲ್ಲೇ ನೆಡಬಹುದೇ ಎಂದು ಕೇಳಿದ್ದಳು. ಆ ಮಣ್ಣಿನಲ್ಲಿ ಬೇಡ, ನೀರು ನಿಲ್ಲದ ಇಳಿಜಾರಿನಲ್ಲಿರುವ ಬೇರೆ ಮರ ನೋಡಿಕೋ ಎಂದು ಉತ್ತರ ಬರೆದಿದ್ದೇನೆ.